ಕರಿಯನ ಕಾಗದಪತ್ರ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗಳು ಹಿಂದಿನ ತಿಂಗಳು ಫೋನಿನಲ್ಲಿ, "ಅಮ್ಮಾ, ಮನೆ ತೊಗೊಂಡ್ವಿ. ಇನ್ನು ಕರಿಯನ್ನ ಕರೆಸಿಕೊಳ್ತೀವಿ" ಎಂದಳು. ಕರಿಯ ನಮ್ಮ ನಾಯಿ. ಅಲ್ಲ, ಅವಳ ನಾಯಿ. ಕಾಲೇಜಿಗೆ ಹೋಗುತ್ತಿದ್ದಾಗ ಮಳೆಯಲ್ಲಿ ನೆನೆದಿದ್ದ ಬೀದಿಮರಿಯನ್ನು ದುಪಟ್ಟಾದಲ್ಲಿ ಸುತ್ತಿ ತಂದವಳು ಅವಳೇ. ಅವಳು ಮದುವೆಯಾಗಿ ಹೋದ ಮೇಲೆ, ನಾಲ್ಕು ವರ್ಷದಿಂದ ಅನ್ನ ಕಲಸಿ ಹಾಕುತ್ತಿರುವವಳು ನಾನು.

"ಅಷ್ಟು ಸುಲಭ ಅಲ್ಲ ಕಣೇ, ರೂಲ್ಸು ಬಹಳ ಇದೆಯಂತೆ" ಎಂದುಬಿಟ್ಟೆ.

ಸುಳ್ಳಲ್ಲ. ಪಶುವೈದ್ಯರನ್ನು ಕೇಳಿದೆ. ಮೊದಲು ಚರ್ಮದಡಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಇಡಬೇಕು. ಅದಕ್ಕೂ ಮುಂಚೆ ಹಾಕಿಸಿದ ರೇಬೀಸ್ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಹಾಕಿಸಬೇಕು. ಆಮೇಲೆ 30 ದಿನ ಬಿಟ್ಟು ರಕ್ತಪರೀಕ್ಷೆ. ಅದರಲ್ಲಿ ಪಾಸಾದರೂ ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಲಾಡಿಹುಳುವಿನ ಔಷಧಿ, ಆರೋಗ್ಯ ಪ್ರಮಾಣಪತ್ರ, ಕೊನೆಗೆ ಪೆಟ್ಟಿಗೆಯೊಳಗೆ ಸರಕಾಗಿ ವಿಮಾನಪ್ರಯಾಣ. ಕಾಗದದಲ್ಲಿ ತಪ್ಪಿದ್ದರೆ ಅಲ್ಲಿ 4 ತಿಂಗಳವರೆಗೂ ಕೂಡಿಹಾಕಬಹುದಂತೆ.

ನಮ್ಮ ಬೀದಿಯ ನಾಯಿಯೆಂದರೆ ಅಷ್ಟು ಕೇವಲವೇ ಎಂದು ಸಿಟ್ಟು ಬಂತು. ಆದರೆ ನನ್ನ ಮೊದಲ ಶಾಲೆಯ ಒಬ್ಬ ಹುಡುಗನ ನೆನಪಾಯಿತು. ನಾಯಿ ಕಚ್ಚಿದ ಗಾಯಕ್ಕೆ ಮನೆಯವರು ಸುಣ್ಣ, ಅರಿಸಿನ ಹಚ್ಚಿ ಸುಮ್ಮನಾಗಿದ್ದರು. ನೀರು ಕಂಡರೆ ಹೆದರುವ ಹೊತ್ತಿಗೆ ಯಾವ ಡಾಕ್ಟರೂ ಏನೂ ಮಾಡುವಂತಿರಲಿಲ್ಲ. ಆ ರೋಗವನ್ನು 1922ರಲ್ಲಿಯೇ ನಾಯಿಗಳಿಂದ ತೊಲಗಿಸಿದವರು ಬಾಗಿಲಲ್ಲಿ ಕಾವಲು ನಿಂತರೆ ತಪ್ಪೆನ್ನಲಾರೆ. 2000ಕ್ಕೆ ಮುಂಚೆ ಹೊರಗಿನಿಂದ ಬಂದ ನಾಯಿಗಳಿಗೆ ಅಲ್ಲಿ ಆರು ತಿಂಗಳು ಪಂಜರವಾಸವಿತ್ತು. ಈಗ ಕಾಯುವುದನ್ನಾದರೂ ಮನೆಯಲ್ಲೇ ಕಾಯಬಹುದು.

ಹಾಗಾದರೆ ನನ್ನ ತಕರಾರು ಯಾರ ಮೇಲೆ? ತಡವಾಗಿ ಬಂದ ಮಕ್ಕಳು "ಬಸ್ಸು ಲೇಟು ಮಿಸ್" ಎಂದರೆ, ಬಸ್ಸು ನಿಜಕ್ಕೂ ತಡವಾಗಿದ್ದರೂ ಕಾರಣ ಅದೊಂದೇ ಅಲ್ಲವೆಂದು ಮುಖ ನೋಡಿಯೇ ತಿಳಿಯುತ್ತದೆ. ನಾನೂ ಹಾಗೆಯೇ ಸರ್ಕಾರಿ ನಿಯಮದ ಸೆರಗು ಹಿಡಿದು ಅಡಗಿದ್ದೆ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬರಲೊಲ್ಲೆ ಎಂದ. ಸ್ವರ್ಗ ಬೇಕೋ ಬೇಡವೋ ಎಂದು ನಾಯಿಯನ್ನು ಅಲ್ಲಿಯೂ ಯಾರೂ ಕೇಳಲಿಲ್ಲ! ಕರಿಯನ ಫಾರಮ್ಮಿನಲ್ಲಿ ಬಣ್ಣ, ವಯಸ್ಸು, ಚಿಪ್ಪಿನ ನಂಬರು ಎಲ್ಲಕ್ಕೂ ಜಾಗವಿದೆ. ಅವನಿಗೇನು ಬೇಕೆನ್ನುವುದಕ್ಕಿಲ್ಲ. ಅವಳ ಹಳೆಯ ಚಪ್ಪಲಿಯ ಮೇಲೆ ಇಂದಿಗೂ ತಲೆಯಿಟ್ಟು ಮಲಗುತ್ತಾನೆ. ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಗೇಟಿನಲ್ಲಿರುತ್ತಾನೆ. ಇದನ್ನು ಹೇಗೆ ಓದುವುದು?

ಎರಡು ದಿನ ಬಿಟ್ಟು ನಾನೇ ಫೋನು ಮಾಡಿದೆ. "ರೂಲ್ಸು ದೊಡ್ಡದಲ್ಲ ಕಣೇ, ನನಗೇ ಕಳಿಸೋ ಮನಸ್ಸಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಂಗೊತ್ತಿತ್ತಮ್ಮ" ಎಂದಳು. ಬೇಡವೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಚಿಪ್ಪು, ಲಸಿಕೆ ಆಗಿವೆ. ರಕ್ತ ತೆಗೆಸುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದೇನೆ.