ಹಿರಿಯತನ

ಆಯುಷ್ಯವು ದೀರ್ಘವಾದ ಮಾತ್ರಕ್ಕೆ ಒಬ್ಬನನ್ನು ಹಿರಿಯನೆನ್ನಬಹುದೇ ಎಂಬ ಪ್ರಶ್ನೆಯನ್ನು ಚೆನ್ನಬಸವಣ್ಣನವರು ತಮ್ಮ ಒಂದು ವಚನದಲ್ಲಿ ಎತ್ತಿರುವರು. ಬಹುಕಾಲ ಬಾಳಿದವರು, ತಪಸ್ಸಿಗೆ ಕುಳಿತು ಮುಪ್ಪಾದವರು, ಮೈ ಬಾಗಿ ಕೋಲು ಹಿಡಿದವರು ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಯಾರಿಗೂ ವಯೋಮಾನದಿಂದಲೇ ಆ ಪದವಿ ಸಂದಿತೆಂದು ಒಪ್ಪದೆ, ಕಡೆಗೆ ಅದನ್ನು ಅಕ್ಕಮಹಾದೇವಿಯವರಿಗೆ ಸಲ್ಲಿಸಿರುವರು. ಹೀಗೆ ಹೇಳಿದವರು ಶರಣಗಣದಲ್ಲಿ ಕಿರಿಯರು. ಹೇಳಿಸಿಕೊಂಡವರು ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ತರುಣಿ. ಆದರೂ ಶರಣಸಮೂಹವು ಆಕೆಯನ್ನು ಅಕ್ಕನೆಂದೇ ಕರೆಯಿತು. ಮನೆಮನೆಯಲ್ಲಿಯೂ ಹಿರಿಯ ಮಗಳಿಗೆ ಸಲ್ಲುವ ಈ ಸಾಮಾನ್ಯ ಪದವು ಇಂದಿಗೂ ಆಕೆಯ ಹೆಸರಿಗೆ ಮೊದಲಾಗಿ ನಿಂತಿದೆ.

ಆಕೆಗೆ ವಯಸ್ಸಿಗಿಂತ ಮುಂಚೆಯೇ ಹಿರಿಯತನವು ಬಂದಿತು. ಇಂದಿನ ಗೃಹಗಳಲ್ಲಿಯಾದರೋ ವಯಸ್ಸು ಬಂದು ಒಳಗೆ ಕುಳಿತರೂ ಹಿರಿಯತನವನ್ನು ಬಾಗಿಲ ಹೊರಗೇ ನಿಲ್ಲಿಸುವುದು ಕಂಡುಬರುತ್ತಿದೆ. ಶಾಸನವು 18 ವರ್ಷ ತುಂಬಿದವರನ್ನು ಪ್ರಾಪ್ತವಯಸ್ಕರೆಂದು ಎಣಿಸುತ್ತದೆ; ಮತ ನೀಡುವ ವಯಸ್ಸನ್ನೂ 1989ರಲ್ಲಿ 21ರಿಂದ 18ಕ್ಕೆ ಇಳಿಸಲಾಯಿತು. ದೇಶದ ಭಾರಕ್ಕೆ ಮೂರು ವರ್ಷ ಮುಂಚಿತವಾಗಿಯೇ ಹೆಗಲು ಕೊಡಬಹುದೆಂದು ಎಣಿಸಲ್ಪಟ್ಟವರು ಮನೆಯ ಭಾರದ ಮಾತು ಬಂದೊಡನೆ, ನಲವತ್ತಾದರೂ ತಾವಿನ್ನೂ ಹುಡುಗರೆನ್ನುವರು. ಇದಕ್ಕೆ ಕಾರಣಗಳಿಲ್ಲದಿಲ್ಲ. ವಿದ್ಯಾಭ್ಯಾಸದ ಕಾಲವು ದೀರ್ಘವಾಗಿದೆ, ಉದ್ಯೋಗವು ತಡವಾಗಿ ದೊರೆಯುತ್ತದೆ, ವಿವಾಹವು ಅದಕ್ಕೂ ತಡವಾಗುತ್ತದೆ. ಇಷ್ಟಕ್ಕಾಗಿ ತರುಣರನ್ನು ಜರೆಯುವುದು ನ್ಯಾಯವಲ್ಲ. ಐವತ್ತು ದಾಟಿದವರು ಬಣ್ಣದ ಅಂಗಿ ತೊಟ್ಟರೆಂದೋ, ತಲೆಗೆ ಕಪ್ಪು ಹಚ್ಚಿದರೆಂದೋ, ಮಕ್ಕಳೊಡನೆ ಕುಳಿತು ಮೊಬೈಲಿನಲ್ಲಿ ಆಟವಾಡಿದರೆಂದೋ ಮೂಗು ಮುರಿಯುವವರೂ ಇದ್ದಾರೆ. ಅದು ಕ್ಷುಲ್ಲಕ ವಿಚಾರ. ಶಿವನು ಕೂದಲಿನ ಬಣ್ಣವನ್ನು ಕೇಳುವುದಿಲ್ಲ.

ಕೇಳಬೇಕಾದುದು ಬೇರೆ ಇದೆ. ಒಂದು ಹಳ್ಳಿಯ ಗೃಹಸ್ಥನ ಸಂಗತಿಯನ್ನು ನೋಡಬಹುದು. ಆತನಿಗೆ ನಲವತ್ತೈದು ವರ್ಷ. ತಂದೆಯು ಲಿಂಗೈಕ್ಯನಾಗಿ ವರ್ಷ ತುಂಬಿತ್ತು. ಬಾವಿ ತೋಡಿಸಲೆಂದು ಆ ತಂದೆ ಸಹಕಾರಿ ಸಂಘದಲ್ಲಿ ಎತ್ತಿದ್ದ ಸಾಲವು ಹಾಗೆಯೇ ಉಳಿದಿತ್ತು. ಸಂಘದವರು ಮನೆಗೆ ಬಂದರೆ ಮಗನು, "ಅದು ಅಪ್ಪ ಮಾಡಿದ ಸಾಲರಿ, ಅವ್ವನ್ನ ಕೇಳ್ರಿ" ಎಂದು ಒಳಗೆ ಸರಿಯುತ್ತಿದ್ದನು. ಆ ಬಾವಿಯ ನೀರಿನಿಂದಲೇ ಆತನ ಕಬ್ಬು ಬೆಳೆಯುತ್ತಿತ್ತೆಂಬುದನ್ನು ಮರೆಯಲಾಗದು. ಎಪ್ಪತ್ತು ದಾಟಿದ ತಾಯಿಯು ಕೋಲೂರಿಕೊಂಡು ಕಚೇರಿಗೆ ಹೋಗಿ ಗಡುವು ಬೇಡಿ ಬರುತ್ತಿದ್ದಳು. ಮಗಳನ್ನು ಮುಂದೆ ಓದಿಸಬೇಕೋ ಬೇಡವೋ ಎಂದು ಕೇಳಿದರೂ "ಅವ್ವ ಹೇಳಿದ್ಹಂಗ" ಎಂಬುದೊಂದೇ ಉತ್ತರ. ಓದಬೇಕೆಂದಿದ್ದ ಆ ಹುಡುಗಿಯು ಕಾಲೇಜಿನ ಅರ್ಜಿಯನ್ನು ಹಿಡಿದು ಎರಡು ತಿಂಗಳು ಕಾದಳು. ಊರವರು ಇದನ್ನು ಮಾತೃಭಕ್ತಿಯೆಂದು ಕೊಂಡಾಡಿದರು. ತಾಯಿಯ ಮಾತನ್ನು ಕೇಳುವುದು ಭಕ್ತಿಯೇ ಸರಿ. ತಾಯಿಯ ಹೆಗಲನ್ನು ಕೇಳುವುದು ಭಕ್ತಿಯಲ್ಲ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಶರಣಧರ್ಮವು ಮುಗ್ಧಭಕ್ತಿಯನ್ನು ಮನ್ನಿಸಿದೆಯಲ್ಲವೇ, ಶಿಶುವಿನಂತಿರುವುದೇ ಭಕ್ತನ ಲಕ್ಷಣವಲ್ಲವೇ ಎಂದು. ಭೀಮಕವಿಯು 1369ರಲ್ಲಿ ಪೂರೈಸಿದ ಬಸವಪುರಾಣದಲ್ಲಿ ಬರುವ ಮುಗ್ಧಭಕ್ತರ ಕಥೆಗಳನ್ನು ಸಾವಧಾನವಾಗಿ ಓದಿದವರಿಗೆ ಇದರ ಪರಿಹಾರವು ಅಲ್ಲಿಯೇ ದೊರೆಯುವುದು. ಕೋಳೂರ ಕೊಡಗೂಸಿನ ತಂದೆಯು ಪರಸ್ಥಳಕ್ಕೆ ಹೊರಟಾಗ ದಿನವೂ ಶಿವನಿಗೆ ಹಾಲನ್ನರ್ಪಿಸುವ ನೇಮವನ್ನು ಆ ಎಳೆಯ ಮಗಳಿಗೆ ಒಪ್ಪಿಸಿದನು. ಮಗು ಹಾಲನ್ನು ಒಯ್ದಿತು, ಶಿವನು ಕುಡಿಯಲಿಲ್ಲ. 'ಅಪ್ಪ ಬಂದ ಮೇಲೆ ನೋಡಿಕೊಳ್ಳಲಿ' ಎಂದು ಬಟ್ಟಲನ್ನು ಅಲ್ಲಿಯೇ ಇಟ್ಟು ಆಡಲು ಹೋಗಿದ್ದರೆ ಆ ಮಗುವನ್ನು ಬಯ್ಯುವವರು ಯಾರು? ಅದು ಹೋಗಲಿಲ್ಲ. ತನಗೊಪ್ಪಿಸಿದ ಕಾರ್ಯವು ಕೆಟ್ಟಿತಲ್ಲಾ ಎಂದು ಬೇಡಿ, ಅತ್ತು, ಪ್ರಾಣವನ್ನೇ ಬಿಡಲು ಸಿದ್ಧವಾದಾಗ ಶಿವನಿಗೆ ಕುಡಿಯದೆ ಗತಿಯಿಲ್ಲವಾಯಿತು. ಬೆಜ್ಜಮಹಾದೇವಿಯ ಕಥೆಯು ಇನ್ನೂ ಸೋಜಿಗದ್ದು. ಎಲ್ಲರಿಗೂ ತಾಯಿಯುಂಟು, ಶಿವನಿಗೆ ಮಾತ್ರ ಇಲ್ಲವೆಂದು ಆಕೆಗೆ ಮರುಕವುಂಟಾಗಿ, ತಾನೇ ಅವನಿಗೆ ತಾಯಾಗಿ ಎರೆದು ಉಣಿಸಿ ಸಾಕಿದಳು. ಈ ಇಬ್ಬರಲ್ಲಿ ಯಾರೂ ತಮ್ಮನ್ನು ಎತ್ತಿಕೊಳ್ಳಿರೆಂದು ಕೈಚಾಚಲಿಲ್ಲ, ಎತ್ತಿಕೊಳ್ಳಲು ಕೈಚಾಚಿದರು. ಮನಸ್ಸು ಹಸುಳೆಯದು, ಹೆಗಲು ಹಿರಿಯರದು. ಇಂದಿನವರು ಹೆಗಲನ್ನು ಹಸುಳೆಯದಾಗಿ ಇರಿಸಿಕೊಂಡು, ಮನಸ್ಸಿನಲ್ಲಿ ಮಾತ್ರ ಲೋಕದ ಸಕಲ ಆಶೆಗಳನ್ನೂ ಬೆಳೆಸಿಕೊಂಡಿದ್ದಾರೆ.

ಲಿಂಗಧಾರಣೆಯ ಕ್ರಮವನ್ನೇ ಪರಿಶೀಲಿಸಬಹುದು. ಹಸುಗೂಸಿಗೆ ತನ್ನರಿವಿಲ್ಲದಿರುವಾಗಲೇ ಲಿಂಗವು ಬರುವುದು. ಆಗ ತಾಯಿಯೇ ಅದಕ್ಕೆ ಮಜ್ಜನ ಮಾಡಿಸಿ ವಿಭೂತಿ ಧರಿಸುವುದುಂಟು. ದೀಕ್ಷೆಯಾದ ಮೇಲೆ ಆ ಪದ್ಧತಿ ನಿಲ್ಲುವುದು. ತನ್ನ ಅಂಗೈಯ ಲಿಂಗವನ್ನು ತಾನೇ ಪೂಜಿಸಬೇಕು. ಬೇರೊಬ್ಬರ ಕೈಯಿಂದ ಮಾಡಿಸಿದರೆ ಅದು ಸಲ್ಲದು. ಹಾಗೆಂದು ಬಲಿತವರು ಕಲಿಯಬೇಕಾದುದಿಲ್ಲವೆಂದು ಭಾವಿಸಬಾರದು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಯೋಗಿಯೆಂದು ಪ್ರಖ್ಯಾತರಾಗಿದ್ದ ಸಿದ್ಧರಾಮರು ಕಲ್ಯಾಣಕ್ಕೆ ಬಂದು, ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆಯಲು ನಾಚಲಿಲ್ಲ.

ದೋಷವೆಲ್ಲವೂ ಮಕ್ಕಳದೇ ಎನ್ನುವುದೂ ಅರ್ಧಸತ್ಯ. ಸೊಂಟದ ಬೀಗದ ಕೈಗಳನ್ನು ಕೊನೆಯುಸಿರಿನವರೆಗೂ ಬಿಚ್ಚದ ತಂದೆತಾಯಿಗಳು ಮಕ್ಕಳನ್ನು ಮಕ್ಕಳಾಗಿಯೇ ಉಳಿಸುವರು. ಮೇಲೆ ಹೇಳಿದ ತಾಯಿಯು ಒಂದು ದಿನ ಮಠಕ್ಕೆ ಬಂದು ತನ್ನ ದಣಿವನ್ನು ತೋಡಿಕೊಂಡಾಗ, ಮಠದ ಅಜ್ಜನವರು ಎಲ್ಲವನ್ನೂ ಕೇಳಿ, "ತಾಯಿ, ನಿಮ್ಮ ಮಗನ ಲಿಂಗಕ್ಕೆ ಈಗಲೂ ನೀವೇ ಪೂಜೆ ಮಾಡುತ್ತೀರೇನು?" ಎಂದು ಕೇಳಿದರು. "ಇಲ್ಲರಿ ಅಜ್ಜಾರ, ಅದನ್ನ ಅವನ ಮಾಡ್ಕೋತಾನ" ಎಂದು ಆಕೆ ನಕ್ಕಳು. ನಕ್ಕವಳು ಅಲ್ಲಿಯೇ ಸುಮ್ಮನಾದಳು. ಅಜ್ಜನವರು ಮತ್ತೇನೂ ಹೇಳದೆ ಪ್ರಸಾದಕ್ಕೆ ಏಳಲು ಸೂಚಿಸಿದರು.

ಮರುಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಮಗನ ಕೈಯಲ್ಲಿ ಆಕೆ ಸಂಘದ ಪಾಸ್‌ಬುಕ್ಕನ್ನೂ, ಮೊಮ್ಮಗಳ ಅರ್ಜಿಯನ್ನೂ ಇಟ್ಟಳು. ಆತನು ಹೊಸ್ತಿಲಲ್ಲಿ ನಿಂತು, "ಅವ್ವಾ, ನೀ ಬರೂದಿಲ್ಲೇನು?" ಎಂದನು. ಆಕೆ ಕೋಲನ್ನು ಗೋಡೆಗೊರಗಿಸಿ ಕುಳಿತುಕೊಂಡಳು.

"ನೀ ಹೋಗಿ ಬಾರಪ್ಪ. ಏನಾತು ಅನ್ನೂದನ್ನ ಸಂಜಿಗೆ ಬಂದು ಹೇಳು."