ಸತ್ತವರ ಸಭೆ

ತಂಗಿ: ರೋಮಿನ ಕವಿಗಳಿಗೆ ಗ್ರೀಕರೆಂದರೆ ಎಂಥ ಭಕ್ತಿ ಅಂತೀಯಲ್ಲ ಅಣ್ಣ, ನನಗೇನೋ ಅನುಮಾನ. ಎನ್ನಿಯಸ್‌ನ ಕನಸನ್ನೇ ನೋಡು. ಹೋಮರ್ ಬಂದು ಕಣ್ಣೀರಿಟ್ಟನಂತೆ. ಒಮ್ಮೆ ನವಿಲಾಗಿ ಹುಟ್ಟಿದ್ದೆ, ಈಗ ನನ್ನ ಆತ್ಮ ನಿನ್ನೊಳಗಿದೆ ಎಂದನಂತೆ. ಇದು ಭಕ್ತಿಯೋ, ಖಾತೆ ಬದಲಾವಣೆಯೋ?

ಅಣ್ಣ: ಕ್ರಿ.ಪೂ. 239ರಲ್ಲಿ ಹುಟ್ಟಿದವನು ಕಣೇ ಅವನು. ಹೋಮರನ ಛಂದಸ್ಸಿನಲ್ಲಿ ಲ್ಯಾಟಿನ್ ಮಹಾಕಾವ್ಯ ಬರೆದವರು ಅವನಿಗಿಂತ ಮುಂಚೆ ಇರಲಿಲ್ಲ. ಇನ್ನೊಬ್ಬರ ಹೊಲಕ್ಕೆ ನೇಗಿಲು ಹೂಡುವವನು ಒಂದು ಮಾತು ಕೇಳಬೇಡವೇ? ಹೂಂ ಅನ್ನಬೇಕಾದವನು ಸತ್ತು ಶತಮಾನಗಳಾಗಿವೆ. ಕನಸಲ್ಲದೆ ಇನ್ನೆಲ್ಲಿ ಸಿಗುತ್ತಾನೆ?

ತಂಗಿ: ಅಲ್ಲಿ ಹೂಂ ಅನ್ನಿಸಿದವನೂ ಎನ್ನಿಯಸ್ಸೇ ಅಲ್ಲವೇ?

ಅಣ್ಣ: ಆ ಕನಸಿನ ಕಾಲೆಳೆಯಲು ಮುಂದೆ ರೋಮಿನದೇ ಕವಿ ಹೊರೇಸನಂಥವನು ಬರಬೇಕಾಯಿತು. ಅವನಾದರೂ ಸತ್ತವರನ್ನು ತನ್ನ ಬಳಿಗೆ ಕರೆಸಿಕೊಳ್ಳಲಿಲ್ಲ. ತಾನೇ ಅಲ್ಲಿಗೆ ಹೋಗುತ್ತಿದ್ದೆ ಎಂದ. ತೋಟದಲ್ಲಿ ಮರ ಬಿದ್ದು ಸ್ವಲ್ಪದರಲ್ಲಿ ಬದುಕಿಕೊಂಡ ನೋಡು, ಸತ್ತಿದ್ದರೆ ಪಾತಾಳದಲ್ಲಿ ಯಾರನ್ನು ಕಾಣುತ್ತಿದ್ದೆ ಅಂತ ಒಂದು ಪದ್ಯ ಬರೆದ. ಅಲ್ಲಿ ಗ್ರೀಕ್ ಕವಯಿತ್ರಿ ಸ್ಯಾಫೊ ತನ್ನ ಊರಿನ ಹುಡುಗಿಯರ ಮೇಲಿನ ದೂರನ್ನು ಹಾಡುತ್ತಾಳೆ. ಗ್ರೀಕ್ ಕವಿ ಆಲ್ಕೀಯಸ್ ಕಡಲು, ಗಡೀಪಾರು, ಯುದ್ಧ ಇವುಗಳ ಪಾಡನ್ನು ಹಾಡುತ್ತಾನೆ. ಪಾತಾಳ ಕಾಯುವ ನೂರು ತಲೆಯ ನಾಯಿಯೂ ಕಿವಿ ಜೋಲುಬಿಟ್ಟು ಕೇಳುತ್ತದೆ.

ತಂಗಿ: ಜನ ಯಾರ ಕಡೆ?

ಅಣ್ಣ: ಇಬ್ಬರನ್ನೂ ಉಸಿರು ಬಿಗಿಹಿಡಿದು ಕೇಳುತ್ತಾರೆ. ಆದರೆ ಹೆಗಲಿಗೆ ಹೆಗಲು ಒತ್ತಿ ನೂಕುನುಗ್ಗಲು ಮಾಡುವುದು ಆಲ್ಕೀಯಸನಿಗಾಗಿ. ಯುದ್ಧದ ಕಥೆ, ದೊರೆಗಳನ್ನು ಓಡಿಸಿದ ಕಥೆ.

ತಂಗಿ: ಆ ಪದ್ಯದ ಛಂದಸ್ಸು ಯಾರದು?

ಅಣ್ಣ: ...ಆಲ್ಕೀಯಸನದು.

ತಂಗಿ: ಸರಿಹೋಯಿತು. ತೀರ್ಪು ಕೊಟ್ಟವನು ಗೆದ್ದವನ ಶಿಷ್ಯ!

ಅಣ್ಣ: ತಡೆ, ಗ್ರೀಕ್ ಕವಿ ಪಿಂಡಾರನ ಬಗ್ಗೆ ಹೊರೇಸ್ ಬರೆದ ಇನ್ನೊಂದು ಪದ್ಯ ಕೇಳು. ಮಳೆಗೆ ಉಕ್ಕಿ ಬೆಟ್ಟದಿಂದ ಧುಮುಕುವ ಹೊಳೆ ಅವನು. ಪೈಪೋಟಿಗೆ ಹೋದವನದು ಮೇಣದ ರೆಕ್ಕೆ. ತಾನೋ, ಹೂವಿಂದ ಹೂವಿಗೆ ಒದ್ದಾಡುವ ಸಣ್ಣ ಜೇನುಹುಳ ಎನ್ನುತ್ತಾನೆ ಹೊರೇಸ್.

ತಂಗಿ: ವಿನಯವೇ?

ಅಣ್ಣ: ಬೇಲಿ ಅನ್ನಿಸುತ್ತದೆ ನನಗೆ. ಚಕ್ರವರ್ತಿ ಆಗಸ್ಟಸನ ವಿಜಯವನ್ನು ದೊಡ್ಡ ದನಿಯಲ್ಲಿ ಹಾಡುವ ಕೆಲಸವನ್ನು ಅದೇ ಪದ್ಯದಲ್ಲಿ ಇನ್ನೊಬ್ಬ ಕವಿಯ ತಲೆಗೆ ಕಟ್ಟುತ್ತಾನೆ. ಪಿಂಡಾರನನ್ನು ಅಷ್ಟೆತ್ತರ ಕೂರಿಸಿದ ಮೇಲೆ, ನೀನೂ ಹಾಗೆ ಹಾಡು ಅಂತ ಇವನನ್ನು ಯಾರು ಒತ್ತಾಯಿಸುತ್ತಾರೆ?

ತಂಗಿ: ಅದರ ಛಂದಸ್ಸು? ಪಿಂಡಾರನದೇ ಇರಬೇಕು.

ಅಣ್ಣ: ಅಲ್ಲ. ಸ್ಯಾಫೊಳದು.

ತಂಗಿ: ಪಾತಾಳದಲ್ಲಿ ಎರಡನೆಯ ಸ್ಥಾನಕ್ಕೆ ತಳ್ಳಿದನಲ್ಲ, ಅವಳದಾ? ಪದ್ಯದಲ್ಲಿ ಅವಳ ಬಗ್ಗೆ ಏನೆನ್ನುತ್ತಾನೆ?

ಅಣ್ಣ: ಏನೂ ಇಲ್ಲ. ಹೆಸರೂ ಇಲ್ಲ.