ಕಾಣದ ಗಾಯಕ್ಕೆ ವೈಯಾವೃತ್ಯ



ವಾರ್ಷಿಕ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಅಭಿಷೇಕ, ಆರಾಧನೆಗಳಲ್ಲಿ ನಾವೆಲ್ಲರೂ ಭಾಗಿಗಳಾಗುತ್ತೇವೆ. ಜಿನಬಿಂಬದ ದರ್ಶನದಿಂದ ಮನಸ್ಸು ನಿರ್ಮಲವಾಗುತ್ತದೆ. ಆ ನಿರ್ಮಲ ಮನಸ್ಸು ಬಸದಿಯ ಹೊಸ್ತಿಲು ದಾಟಿದ ಮೇಲೆ ಯಾರಿಗೆ ಉಪಯೋಗವಾಗಬೇಕು ಎಂಬುದನ್ನು ಚಿಂತಿಸೋಣ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ವೈಯಾವೃತ್ಯವೆಂದರೆ ಸೇವೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ ‘ಗ್ಲಾನ’, ಅಂದರೆ ರೋಗಪೀಡಿತನೂ ಇದ್ದಾನೆ. ಸಮಂತಭದ್ರಾಚಾರ್ಯರು ಇದನ್ನು ಗೃಹಸ್ಥನ ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಸಂಯಮಿಗಳ ಸೇವೆಯಲ್ಲಿ ನಾವು ಕಲಿತ ಕರುಣೆ ಮನೆಯ ರೋಗಿಗೂ ಸಲ್ಲತಕ್ಕದ್ದು.

ಆದರೆ ಗ್ಲಾನರಲ್ಲಿ ಒಂದು ಬಗೆಯವರನ್ನು ನಾವು ಗುರುತಿಸುವುದೇ ಇಲ್ಲ. ಅವರು ತಲೆಗೆ ಪೆಟ್ಟು ಬಿದ್ದು ಬದುಕುಳಿದವರು. ನಮ್ಮ ವಯನಾಡಿನಲ್ಲಿ ಚುರದ ತಿರುವುಗಳಲ್ಲಿ ವಾಹನ ಉರುಳಿ, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ, ಶಿರಸ್ತ್ರಾಣವಿಲ್ಲದೆ ಸ್ಕೂಟರಿನಿಂದ ಬಿದ್ದು ಹೀಗಾದವರಿದ್ದಾರೆ. ಹೊಲಿಗೆ ಬಿಚ್ಚಿದ ದಿನ ಬಂಧುಗಳೆಲ್ಲ ‘ಗುಣವಾಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಮನೆಯವರ ನಿಜವಾದ ಕಷ್ಟ ಅಂದೇ ಆರಂಭವಾಗುತ್ತದೆ.

ನನ್ನ ವ್ಯಾಪಾರದ ಬಳಕೆಯ ಒಂದು ಮನೆಯ ಯಜಮಾನರು ಅಪಘಾತದ ನಂತರ ನಡೆಯಬಲ್ಲರು, ಮಾತನಾಡಬಲ್ಲರು. ಆದರೆ ಮೂಟೆಯ ಲೆಕ್ಕ ಅರ್ಧದಲ್ಲಿ ತಪ್ಪುತ್ತದೆ. ಸಣ್ಣ ಸದ್ದಿಗೂ ಸಿಟ್ಟು, ಮರುಗಳಿಗೆ ಕಣ್ಣೀರು. ‘ಅವರು ಇದ್ದಾರೆ, ಆದರೆ ಮೊದಲಿನವರಾಗಿಲ್ಲ’ ಎಂದರು ಅವರ ಧರ್ಮಪತ್ನಿ. ಬಂದವರು ಸಮಾಧಾನ ಹೇಳುವ ಬದಲು ‘ನಾನು ಯಾರು, ಹೇಳು ನೋಡೋಣ’ ಎಂದು ಆ ಮನುಷ್ಯನನ್ನು ಪರೀಕ್ಷಿಸುತ್ತಿದ್ದರು. ಕೆಲವರು ‘ಎಲ್ಲಾ ಕರ್ಮಫಲ’ ಎಂದು ಹೇಳಿ ಕಾಫಿ ಕುಡಿದು ಹೊರಟರು.

ಇದು ಆ ಒಂದು ಮನೆಯ ಕಥೆಯಲ್ಲ. ಅಮೆರಿಕದಲ್ಲಿ 1848ರಲ್ಲಿ ಫಿನಿಯಸ್ ಗೇಜ್ ಎಂಬ ರೈಲು ಮಾರ್ಗದ ಮೇಸ್ತ್ರಿಯ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಆತ ಬದುಕಿದ; ಆದರೆ ಸ್ವಭಾವವೇ ಬದಲಾಯಿತೆಂದು ಚಿಕಿತ್ಸೆ ನೀಡಿದ ವೈದ್ಯರು ಬರೆದಿಟ್ಟರು. ಮಿದುಳಿನ ಮುಂಭಾಗ ಸಿಟ್ಟು, ಸಂಕೋಚ, ವಿವೇಚನೆಗಳ ಕಡಿವಾಣ. ಅದಕ್ಕೆ ಗಾಯವಾದರೆ ಕೋಪವು ದುರ್ಗುಣವಲ್ಲ, ಗಾಯದ ಲಕ್ಷಣ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆ ಬಂಡಿ ಓಡಿಸಿ ಜೀವನ ಸಾಗಿಸಿದ. ಪ್ರತಿದಿನದ ನಿಯಮಿತ ಕೆಲಸವೇ ಅವನನ್ನು ತಿದ್ದಿತೆಂದು ವಿದ್ವಾಂಸರಲ್ಲಿ ಕೆಲವರು ಅಭಿಪ್ರಾಯಪಡುತ್ತಾರೆ.

ಜ್ಞಾನಾವರಣೀಯ ಕರ್ಮವನ್ನು ನಮ್ಮ ಹಿರಿಯರು ದೇವರ ಮುಂದಿನ ತೆರೆಗೆ ಹೋಲಿಸಿದ್ದಾರೆ. ತೆರೆ ಬಿದ್ದಾಗ ಬಿಂಬ ಕಾಣದು. ಆದರೆ ಬಿಂಬ ಅಲ್ಲಿಯೇ ಇದೆ. ನೆನಪು ಮಸುಕಾದವನ ಆತ್ಮವೂ ಹಾಗೆಯೇ ಅಲ್ಲಿಯೇ ಇದೆ. ತೆರೆ ಬಿದ್ದಿದೆಯೆಂದು ಯಾರಾದರೂ ಬಿಂಬಕ್ಕೆ ಬೆನ್ನು ಹಾಕುತ್ತಾರೆಯೇ?

ಇನ್ನು ಕರ್ಮದ ಮಾತು. ಕರ್ಮಸಿದ್ಧಾಂತವು ನಮ್ಮನ್ನು ನಾವು ತಿದ್ದಿಕೊಳ್ಳಲು ಇರುವ ಕನ್ನಡಿಯೇ ಹೊರತು ಪರರಿಗೆ ಎಸೆಯುವ ಕಲ್ಲಲ್ಲ. ಅನ್ಯರಲ್ಲಿ ದುಃಖ, ಶೋಕ, ಆಕ್ರಂದನಗಳನ್ನುಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ಶಾಸ್ತ್ರ ಸ್ಪಷ್ಟಪಡಿಸಿದೆ. ಆದುದರಿಂದ ನೊಂದವನ ಮುಂದೆ ‘ನಿನ್ನ ಕರ್ಮ’ ಎಂದವನು ಅದೇ ಕ್ಷಣದಲ್ಲಿ ತನ್ನ ಖಾತೆಗೆ ಹೊಸ ಸಾಲ ಬರೆದುಕೊಂಡಂತೆ.

ನಿರ್ವಿಚಿಕಿತ್ಸಾ ಅಂಗಕ್ಕೆ ಪ್ರಸಿದ್ಧನಾದ ಉದ್ದಾಯನ ಮಹಾರಾಜನನ್ನು ಸ್ಮರಿಸೋಣ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿದನು. ರಾಜನು ಅಸಹ್ಯಪಡಲಿಲ್ಲ, ತಾನು ನೀಡಿದ ಆಹಾರವೇ ಪಥ್ಯವಾಗಲಿಲ್ಲವೇನೋ ಎಂದು ನೊಂದು ಮೈ ತೊಳೆದನು. ಮಿದುಳಿನ ಗಾಯವಾದವನು ಕಾರುವುದು ಮಾತನ್ನು. ಅದನ್ನು ಕೇಳಿದಾಗ ‘ಇವನಿಗೆಷ್ಟು ಕೊಬ್ಬು’ ಎನ್ನದೆ, ‘ಮನೆಯಲ್ಲಿ ಗದ್ದಲ ಹೆಚ್ಚಾಯಿತೇ? ಇವನಿಗೆ ಆಯಾಸವಾಯಿತೇ?’ ಎಂದು ಯೋಚಿಸುವುದೇ ಇಂದಿನ ನಿರ್ವಿಚಿಕಿತ್ಸೆ.

ಸೇವೆಗೂ ಕ್ರಮವಿದೆ. ಒಮ್ಮೆಗೆ ಒಂದೇ ಮಾತು ಹೇಳಿ, ಉತ್ತರಕ್ಕೆ ಕಾಯಿರಿ. ಊಟ, ನಿದ್ರೆ, ಸ್ತೋತ್ರಪಾಠ, ನಡಿಗೆಗಳಿಗೆ ನಿಗದಿತ ಹೊತ್ತು ಇರಲಿ. ಮರೆವಿಗೆ ದಿನಚರಿ ಪುಸ್ತಕ ಕೊಡಿ. ಸಿಟ್ಟು ಬಂದಾಗ ವಾದಿಸದೆ ಶಾಂತವಾದ ಸ್ಥಳಕ್ಕೆ ಕರೆದೊಯ್ಯಿರಿ. ಮಾತಿಗೆ, ದಿನನಿತ್ಯದ ಕೆಲಸಗಳಿಗೆ, ಮನಸ್ಸಿಗೆ ಬೇರೆ ಬೇರೆ ಚಿಕಿತ್ಸಕರಿದ್ದಾರೆ. ಅವರ ಬಳಿಗೆ ಹೋಗುವುದು ಅವಮಾನವಲ್ಲ. ಫಿಟ್ಸ್ ಬರದಂತೆ ಕೊಟ್ಟ ಮಾತ್ರೆಯನ್ನು ಉಪವಾಸದ ನೆಪದಲ್ಲಿ ನಿಲ್ಲಿಸಬಾರದು. ತಪಸ್ಸು ಶಕ್ತ್ಯನುಸಾರವೆಂದೇ ಷೋಡಶ ಭಾವನೆಗಳು ಬೋಧಿಸುತ್ತವೆ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.

ತಲೆಗೆ ಪೆಟ್ಟಿಲ್ಲದೆಯೂ ಮನಸ್ಸಿಗೆ ಗಾಯವಾಗುವುದುಂಟು. 2024ರ ಜುಲೈ 30ರಂದು ನಮ್ಮದೇ ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜೀವಗಳು ಅಳಿದವು. ಅಂತಹ ದುರಂತ ಕಂಡವರು ಮಳೆಯ ಸದ್ದಿಗೂ ಬೆಚ್ಚುವುದು ಹೇಡಿತನವಲ್ಲ. ‘ಮರೆತುಬಿಡಿ’ ಎನ್ನದೆ, ಅವರು ಹೇಳಿದಷ್ಟನ್ನು ಕೇಳಿ, ಹೇಳದಿದ್ದಾಗ ಸುಮ್ಮನೆ ಜೊತೆಗೆ ಕುಳಿತಿರುವುದೂ ವೈಯಾವೃತ್ಯವೇ.

ಕೊನೆಯದಾಗಿ, ಹಗಲಿರುಳು ಸೇವೆಗೈಯುವ ಆ ತಾಯಿ, ಆ ಪತ್ನಿ ಕೂಡ ಬಳಲುತ್ತಾರೆ. ಅವರೂ ನಮ್ಮ ವಾತ್ಸಲ್ಯಕ್ಕೆ ಪಾತ್ರರು. ವಾರಕ್ಕೊಂದು ಮಧ್ಯಾಹ್ನ ಸಮಾಜದ ಒಬ್ಬರು ರೋಗಿಯ ಬಳಿ ಕುಳಿತರೆ, ಆಕೆ ಬಸದಿಗೆ ಬಂದು ದರ್ಶನ ಮಾಡಿ, ಒಂದಿಷ್ಟು ಹೊತ್ತು ವಿಶ್ರಮಿಸಬಹುದು. ಈ ಮಹೋತ್ಸವದಲ್ಲಿ ಕಾಣಿಕೆಯೊಡನೆ ಅಂತಹ ಒಂದು ಮಧ್ಯಾಹ್ನವನ್ನೂ ಅರ್ಪಿಸುವ ಸಂಕಲ್ಪ ಮಾಡೋಣ.

ಸರ್ವ ಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.